ಕೈಗುಣವೋ, ಕಾಯಿಗುಣವೋ?

ಜವರಯ್ಯನ ಗಾಡಿ ಸಿಂಧಘಟ್ಟದ ಕೆರೆ ಏರಿಯ ಮೇಲೆ ಬರುವುದು ಕಂಡ ಕೂಡಲೇ ಚಲುವಮ್ಮ ಗುಡಿಸುವುದನ್ನು ನಿಲ್ಲಿಸಿದಳು. ಪೇಟೆಗೆ ಹೋದ ಗಾಡಿ ಹಗುರಾಗಿ, ಗಡಗಡ ಸದ್ದು ಮಾಡುತ್ತ ಬರಬೇಕಿತ್ತು. ಇದು ಭಾರ ಹೊತ್ತ ಹಾಗೆ ಮೆಲ್ಲಗೆ ಬರುತ್ತಿತ್ತು. ಹೋಗುವಾಗ ತುಂಬಿಸಿದ್ದ ಬದನೆಕಾಯಿ ಮಂಕರಿಗಳು ತುಂಬಿದ ಹಾಗೆಯೇ ವಾಪಸು ಬಂದಿದ್ದವು.

ಜವರಯ್ಯ ಅವಳ ಗಂಡ. ಎತ್ತುಗಳನ್ನು ನೆರಳಿಗೆ ಕಟ್ಟಿ, ಒಂದು ಮಂಕರಿಯ ಮೇಲಿನ ಬಟ್ಟೆ ಸರಿಸಿದ. ಕೊಳೆತ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು.

“ಗಂಜಾಂ ಪೇಟೆ ಕುಳ್ಳಮ್ಮ ಮುಟ್ಟಿ ಕೂಡ ನೋಡ್ನಿಲ್ಲ ಕಣವ್ವಾ,” ಎಂದು ಅವನು ತಾಯಿ ದ್ಯಾವಮ್ಮನಿಗೆ ಹೇಳಿದ. “‘ಇದ್ಯಾಕಪ್ಪ ಜವರಯ್ಯ, ತಿಪ್ಪೆಗೆ ಓಗೋದು ದಾರಿ ತೆಪ್ಪಿ ನನ್ನಂಗ್ಡಿಗೆ ಬಂದ್ಬುಡ್ತಾ’ ಅಂದ್ಲು. ಸುತ್ತ ಇದ್ದೋರೆಲ್ಲ ನಕ್ಕುಬುಟ್ರು. ಇನ್ನೊಂದಪ ಇಂಗೇ ತಂದ್ರೆ ಬ್ಯಾರೆ ಊರೋರ ತಾವ ತಕ್ಕತೀನಿ ಅಂದವ್ಳೆ.”

“ಯಾವುದು ಕೊಳ್ತಿರೋದು? ಗುಂಡುಬದ್ನೆಯೋ, ಗೀರುಬದ್ನೆಯೋ?” ಎಂದಳು ದ್ಯಾವಮ್ಮ.

“ಗುಂಡೇ ಜಾಸ್ತಿ. ಗೀರೂ ಒಸಿ ಓಗೈತೆ.”

ದ್ಯಾವಮ್ಮ ಸೊಸೆಯ ಕಡೆ ತಿರುಗಿದಳು. ಆ ನೋಟವೇ ಚಲುವಮ್ಮನಿಗೆ ಸಾಕಾಯಿತು.

ಇದು ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಶ್ರೀರಂಗಪಟ್ಟಣದ ಕೋಟೆಯಲ್ಲಿ ಸುಲ್ತಾನರ ಆಳ್ವಿಕೆ ಇದ್ದ ಕಾಲ. ಕಂಪನಿಯವರ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿ ಹಿಂದಿರುಗಿತ್ತು. ಊರೂರಲ್ಲೂ ಜನ ಮತ್ತೆ ಹೊಲಗದ್ದೆ ಹಸನು ಮಾಡಿಕೊಂಡು ಉಸಿರಾಡುತ್ತಿದ್ದರು. ಇಂದಿನ ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಿಂದ ಹೊರಟ ಎತ್ತಿನ ಗಾಡಿ ಚಿನಕುರಳಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಶ್ರೀರಂಗಪಟ್ಟಣದ ಗಂಜಾಂ ಪೇಟೆ ಸೇರುತ್ತಿತ್ತು. ಅಷ್ಟು ದೂರ ಹೋದ ಕಾಯಿ ಅಲ್ಲಿ ಮುಖ ತೋರಿಸುವ ಹಾಗಿರಬೇಕಲ್ಲ!

ಜವರಯ್ಯನ ಮನೆಯವರು ತಲೆಮಾರುಗಳಿಂದ ಬೆಳೆಯುತ್ತಿದ್ದದ್ದು ಗೀರುಬದನೆ. ಅದನ್ನು ಊರಲ್ಲೇ ಮಾರುತ್ತಿದ್ದರು, ಗಂಜಾಂಗೆ ಗಾಡಿ ಹೂಡಿದ್ದು ಚಲುವಮ್ಮ ಮನೆಗೆ ಬಂದ ಮೇಲೆ. ಹಸಿರು ಮೈ, ಬಿಳಿ ಗೀರು, ಉದ್ದನೆಯ ಕಾಯಿ. ಚಲುವಮ್ಮ ಬೆಳಗೊಳದ ಹೆಣ್ಣು. ಕಾವೇರಿ ದಡದ ಊರು. ಮದುವೆಯಾಗಿ ಬರುವಾಗ ಸೆರಗಿನ ತುದಿಯಲ್ಲಿ ತವರಿನ ಗುಂಡುಬದನೆಯ ಬೀಜ ಕಟ್ಟಿಕೊಂಡು ಬಂದಿದ್ದಳು. ನೇರಳೆ ಬಣ್ಣದ ದುಂಡು ಕಾಯಿ. ಹಿತ್ತಲಿನ ಅರ್ಧ ಪಾತಿಗೆ ಅದನ್ನು ಹಾಕಿದಳು. ಗಿಡ ಬಗ್ಗುವಷ್ಟು ಕಾಯಿ ಬಿಟ್ಟಿತು. ಎಣ್ಣೆಗಾಯಿ ಮಾಡಿದರೆ ಬೆಣ್ಣೆಯ ಹಾಗೆ ಕರಗುತ್ತಿತ್ತು. ದ್ಯಾವಮ್ಮನೂ ಎರಡನೆಯ ಸಲ ಬಡಿಸಿಕೊಂಡು ತಿಂದಿದ್ದಳು. ಆದರೆ ಗಾಡಿ ಏರಿತೆಂದರೆ ಅದಕ್ಕೆ ಏನೋ ಆಗುತ್ತಿತ್ತು.

“ಬೀಜ ಬಂದಿದ್ದು ಅವ್ಳ ಊರಿಂದ. ಕೊಯ್ದಿದ್ದು ಅವ್ಳ ಕೈ,” ಎಂದಳು ದ್ಯಾವಮ್ಮ ಕೊನೆಗೆ. “ನಮ್ ಗೀರುಬದ್ನೆ ಯಾವತ್ತಾರ ಇಂಗೆ ಆಗಿತ್ತೇನ್ಲಾ? ಅವ್ಳ ಕೈಗುಣ ಸರಿಯಿಲ್ಲ. ನಾಳೆಯಿಂದ ಅವ್ಳು ಗಿಡ ಮುಟ್ಟೋದು ಬ್ಯಾಡ. ಬೀಜದ ಕುಡ್ಕೆನೂ ಮುಟ್ಟೋದು ಬ್ಯಾಡ.”

ಮುಂದಿನ ಕೊಯ್ಲಿಗೆ ದ್ಯಾವಮ್ಮ ತಾನೇ ಸೊಂಟ ಕಟ್ಟಿ ನಿಂತಳು. ಒಂದೊಂದು ಕಾಯಿಯನ್ನೂ ತನ್ನ ಕೈಯಿಂದಲೇ ಕೊಯ್ದಳು. ಮಂಕರಿಗೆ ಒತ್ತಿ ಒತ್ತಿ ತುಂಬಿದಳು. ಕಾಯಿ ಬಾಡಬಾರದೆಂದು ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಬಿಗಿದು ಕಟ್ಟಿದಳು. ಚಲುವಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಆ ಸಲವೂ ಕೊಳೆಯಿತು. ಅದರಲ್ಲೂ ಗೀರುಬದನೆಯೇ ಹೆಚ್ಚು ಕೊಳೆತಿತ್ತು.

“ಈಗೇನವ್ವ ಏಳ್ತೀಯ?” ಎಂದು ಜವರಯ್ಯ ಕೇಳಿದ. “ಅವ್ಳು ಮುಟ್ಟೇ ಇಲ್ವಲ್ಲ.”

ದ್ಯಾವಮ್ಮ ಬಾಗಿಲ ಕಡೆ ಕೈ ತೋರಿದಳು. “ಬಾಗ್ಲಲ್ಲಿ ನಿಂತ್ಕಂಡು ನೋಡ್ತಿದ್ಲಲ್ಲ, ಸಾಲ್ದಾ?” ಎಂದಳು.

ಅಷ್ಟರಲ್ಲಿ ನಾಗಮಂಗಲದಲ್ಲಿದ್ದ ದ್ಯಾವಮ್ಮನ ತಂಗಿಯ ಮನೆಯಲ್ಲಿ ನಾಮಕರಣ ಬಂತು. ಅವಳು ಅತ್ತ ಹೋದಳು. ಇತ್ತ ಕಾಯಿ ಬಲಿಯುತ್ತಿತ್ತು, ಕಾಯುವಂತಿರಲಿಲ್ಲ. ಜವರಯ್ಯ ಹೆಂಡತಿಗೆ, “ಕೊಯ್ಯಿ ಅತ್ಲಾಗೆ. ಆದದ್ದಾಗ್ಲಿ” ಎಂದ. ಅವಳು ಹೆದರುತ್ತಲೇ ಕೊಯ್ದಳು. ನೀರು ಹಾಕುವುದಕ್ಕೂ ಕೈ ಬರಲಿಲ್ಲ. ಮೊದಲ ಗಾಡಿಯಿಂದಲೂ ಅತ್ತೆಯೇ ಮಾಡುತ್ತಿದ್ದ ಆ ಕೆಲಸಕ್ಕೆ ತಾನು ಕೈ ಹಾಕಿದರೆ ಇನ್ನೇನಾಗುವುದೋ ಎಂಬ ಭಯ. ಒಣ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಕಳುಹಿಸಿದಳು.

ಆ ಸಲ ಗುಂಡೂ ಚೆನ್ನಾಗಿತ್ತು, ಗೀರೂ ಚೆನ್ನಾಗಿತ್ತು. ಕುಳ್ಳಮ್ಮ ಕಾಯಿಯನ್ನು ತಟ್ಟಿ ನೋಡಿ, “ಈಗ ಬಂದೆ ನೋಡು ದಾರಿಗೆ” ಎಂದಳಂತೆ.

ಜವರಯ್ಯ ಮನೆಗೆ ಬಂದು ಎತ್ತಿನ ಗೊಂತಿನ ಮೇಲೆ ಕುಳಿತು ತಲೆ ಕೆರೆದುಕೊಂಡ. ಹೆಂಡತಿ ಮುಟ್ಟಿದಾಗ ಕೊಳೆಯಿತು. ತಾಯಿ ಮುಟ್ಟಿದಾಗಲೂ ಕೊಳೆಯಿತು. ಮತ್ತೆ ಹೆಂಡತಿ ಮುಟ್ಟಿದರೆ ಕೊಳೆಯಲಿಲ್ಲ. ಒಂದು ಸಲ ಗುಂಡು ಕೆಟ್ಟದ್ದು, ಒಂದು ಸಲ ಗೀರು ಕೆಟ್ಟದ್ದು. ಯಾವ ಕಡೆಯಿಂದ ಹಿಡಿದರೂ ಎಳೆ ಜಾರಿಹೋಗುತ್ತಿತ್ತು.

“ನಂಗೊಂದೂ ತಿಳೀನಿಲ್ಲ ಕಣೆ ಚಲುವಿ,” ಎಂದ.

“ನಂಗೂ ತಿಳೀನಿಲ್ಲ,” ಎಂದಳು ಅವಳು. “ನನ್ ಕೈಯೇ ಕೆಟ್ಟದ್ದೇನೋ ಅಂತ ನಾನೇ ನಂಬ್ಕಂಡಿದ್ದೆ. ಈಗ ಅದೂ ಇಲ್ಲ.”

ದ್ಯಾವಮ್ಮ ನಾಗಮಂಗಲದಿಂದ ಬಂದು ಸುದ್ದಿ ಕೇಳಿ, “ಒಳ್ಳೆ ದಿನ ಕೊಯ್ದಿರ್ಬೇಕು ಬುಡು” ಎಂದಳು. ಮುಂದಿನ ಸಲ ಮತ್ತೆ ತಾನೇ ನಿಂತು ಮಂಕರಿ ತುಂಬಿ, ನೀರು ಚಿಮುಕಿಸಿ ಕಳುಹಿಸಿದಳು. ಸೊಸೆಯನ್ನು ಬಾಗಿಲ ಹತ್ತಿರವೂ ಬಿಡಲಿಲ್ಲ. ಆ ಗಾಡಿಯೂ ವಾಸನೆ ಹೊತ್ತು ಬಂತು.

ಊರಲ್ಲಿ ಮಾತು ಹರಡಿತು. ಪಕ್ಕದ ಬೀದಿಯ ಪುಟ್ಟಲಕ್ಷ್ಮಮ್ಮ ರಾಗಿ ಬಿತ್ತುವ ದಿನ ಎಲ್ಲ ಹೆಂಗಸರನ್ನೂ ಕರೆದಳು, ಚಲುವಮ್ಮನನ್ನು ಕರೆಯಲಿಲ್ಲ. ಹೆಪ್ಪು ಹಾಕಲು ಮಜ್ಜಿಗೆ ಕೇಳಿದರೆ, “ಮುಗ್ದೋಯ್ತು ಕಣವ್ವ” ಎನ್ನುವವರಾದರು. ಅವಳೆದುರಿಗೇ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡವರೂ ಇದ್ದರು.

ಒಂದು ಬೆಳಗ್ಗೆ ದ್ಯಾವಮ್ಮ ಮಗನಿಗೆ ಹೇಳಿಯೇಬಿಟ್ಟಳು. “ಮುಂದಿನ್ಸಲ ಗಾಡಿ ಪಟ್ಣಕ್ಕೆ ಓಗುವಾಗ ಅವ್ಳನ್ನೂ ಕೂರುಸ್ಕೊಂಡು ಓಗ್ಲಾ. ಬೆಳಗೊಳ ಅಲ್ಲಿಂದ ಅತ್ರ. ಅವ್ರಪ್ಪನ ಮನೇಲಿ ಬುಟ್ಟು ಬಾ. ಒಸಿ ದಿನ ಇರ್ಲಿ, ನೋಡಾನ.”

ಒಸಿ ದಿನ ಎಂದರೆ ಎಷ್ಟು ದಿನ ಎಂದು ಜವರಯ್ಯ ಕೇಳಲಿಲ್ಲ. ಹಗ್ಗ ತೆಗೆದುಕೊಂಡು ಹೊಲದ ಕಡೆ ನಡೆದ.

ಚಲುವಮ್ಮ ಒಲೆಗೆ ಸಿಬಿರು ತರಲು ಪಕ್ಕದ ಬಡಗಿ ಮನೆಗೆ ಹೋದಳು. ಬಡಗಿ ಹೆಂಡತಿ ಸುಬ್ಬಮ್ಮ ಕತ್ತದ ಬುಟ್ಟಿಗೆ ಮರದ ಚಕ್ಕೆ ತುಂಬುತ್ತಿದ್ದವಳು ಅವಳ ಮುಖ ನೋಡಿ ಕೈ ನಿಲ್ಲಿಸಿದಳು.

“ಯಾಕವ್ವ? ಏನಾಯ್ತು?”

ಚಲುವಮ್ಮ ಅತ್ತುಬಿಟ್ಟಳು. ಅಳುತ್ತಲೇ ಎಲ್ಲ ಹೇಳಿದಳು. ಹಿಂದೆ ಮುಂದೆ ಆಗಿ, ಯಾವ ಗಾಡಿ ಮೊದಲು ಯಾವುದು ಆಮೇಲೆ ಎಂದು ತಾನೇ ಗೊಂದಲಪಟ್ಟು, ಎರಡು ಸಲ ತಿದ್ದಿ ಹೇಳಿದಳು.

ಸುಬ್ಬಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. “ಯಾಕೆ ಕೊಳೀತದೆ ಅಂತ ನಂಗೂ ಗೊತ್ತಿಲ್ಲ ಕಣವ್ವ. ಆದ್ರೆ ಒಂದು ಏಳ್ತೀನಿ. ನಮ್ಮನೇಲಿ ಇಂಥದ್ದೇ ಜಗಳ ಆಗಿತ್ತು, ಮರದ್ದು. ನಮ್ಮನೆಯವ್ರು ಬೇವಿನ ಮರ ಒಣಗಿದ್ರೂ ಬಿರಿಯಾಕಿಲ್ಲ ಅಂತಾರೆ, ನಮ್ ಮೈದ್ನ ಮತ್ತಿ ಮರ ಬಿರಿಯಾಕಿಲ್ಲ ಅಂತಾನೆ. ಬೇವು ನೆಳ್ಳಲ್ಲಿ ಒಣಗಿದ್ದು, ಮತ್ತಿ ಬಿಸ್ಲಲ್ಲಿ ಬಿದ್ದಿದ್ದು. ಎಂಗಮ್ಮ ತೀರ್ಮಾನ ಆದಾತು? ಕೊನೀಗೆ ಎರಡನ್ನೂ ಒಂದೇ ದಿನ ಕಡ್ದು, ಒಂದೇ ಕೊಟ್ಗೇಲಿ ಪಕ್ಕಪಕ್ಕ ಮಲಗ್ಸಿದ್ರು. ಆಮೇಲೆ ಜಗ್ಳ ನಿಂತ್ತು. ನಿಮ್ ಕಾಯಿನೂ ಅಂಗೇ ಇಟ್ಟು ನೋಡಾನ.”

ಅವಳು ಬುಟ್ಟಿ ಅಲ್ಲೇ ಬಿಟ್ಟು ದ್ಯಾವಮ್ಮನ ಮನೆಗೆ ಬಂದಳು. ದ್ಯಾವಮ್ಮ ಜಗಲಿಯ ಮೇಲೆ ಅವರೆ ಬಿಡಿಸುತ್ತಿದ್ದಳು.

“ಸೊಸೇನ ಕಳಿಸ್ತೀಯಂತೆ, ದ್ಯಾವಕ್ಕ?”

“ಊಂ. ನಿಂಗೂ ಸುದ್ದಿ ಬಂತಾ?”

“ಕಳಿಸೋಳು ಕಳಿಸ್ತೀಯ. ಅವ್ಳು ಓದ್ಮೇಲೂ ಕಾಯಿ ಕೊಳ್ತ್ರೆ ಆಮ್ಯಾಕೆ ಯಾರ್ನ ಕಳಿಸ್ತೀಯ?”

ದ್ಯಾವಮ್ಮನ ಬೆರಳು ಅವರೆಕಾಯಿಯ ಮೇಲೆ ನಿಂತಿತು. ಈ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

“ಒಂದು ಕೊಯ್ಲು ತಡಿ,” ಎಂದಳು ಸುಬ್ಬಮ್ಮ. “ಎರಡು ತರದ ಕಾಯಿನೂ ಮನೇಲೇ ಇಟ್ಟು ನೋಡಾನ. ಯಾವುದು ಎಷ್ಟು ತಡೀತದೆ ಅಂತ ಕಣ್ಣಿಗೇ ಕಾಣ್ಲಿ. ಆಗ್ಲೂ ನಿನ್ ಮಾತೇ ನಿಜ ಅಂದ್ರೆ ಕಳ್ಸು, ನಾನು ತುಟಿ ಎರಡು ಮಾಡಾಕಿಲ್ಲ.”

ದ್ಯಾವಮ್ಮ ಒಪ್ಪಿದಳು. ಸೊಸೆಯ ಬೀಜವೇ ಸೋಲುತ್ತದೆ ಎಂಬ ನಂಬಿಕೆ ಅವಳಿಗಿತ್ತು.

ಮೊದಲ ಸಲ ಇಟ್ಟಾಗ ಹಾಗೆಯೇ ಆಯಿತು. ಗುಂಡುಬದನೆ ಬೇಗ ಸುಕ್ಕಾಯಿತು. ಮೈಯ ಹೊಳಪು ಹೋಯಿತು. ತೊಟ್ಟು ಒಣಗಿ ಕಡ್ಡಿಯಾಯಿತು. ಗೀರುಬದನೆ ಗಟ್ಟಿಯಾಗಿಯೇ ಇತ್ತು.

“ನೋಡ್ದಾ?” ಎಂದಳು ದ್ಯಾವಮ್ಮ.

ಚಲುವಮ್ಮನ ಮುಖ ಬಾಡಿತು. ಆದರೆ ಸುಬ್ಬಮ್ಮ ಅಡುಗೆಮನೆಯನ್ನೊಮ್ಮೆ, ಜಗಲಿಯನ್ನೊಮ್ಮೆ ನೋಡಿದಳು. “ಗುಂಡಿನ ಮೊರ ಒಲೆ ಪಕ್ಕ ಇಟ್ಟೋರು ಯಾರು?”

“ನಾನೇ,” ಎಂದಳು ದ್ಯಾವಮ್ಮ. “ಜಾಗ ಇರ್ನಿಲ್ಲ.”

“ಗೀರು ಜಗ್ಲಿ ತಂಪಲ್ಲಿ ಐತೆ. ಇದು ಒಲೆ ಕಾವಲ್ಲಿ ಐತೆ. ನಾನೂ ನೀನೂ ಅಂಗೆ ಕೂತಿದ್ರೆ ನಾನೂ ಸುಕ್ಕಾಯ್ತಿದ್ದೆ ಕಣಕ್ಕ.”

ದ್ಯಾವಮ್ಮನಿಗೆ ನಗು ಬಂತು. ನುಂಗಿಕೊಂಡಳು.

ಎರಡನೆಯ ಸಲ ಎರಡು ಮೊರಗಳನ್ನೂ ಜಗಲಿಯಲ್ಲೇ ಪಕ್ಕಪಕ್ಕ ಇಟ್ಟರು. ಈ ಸಲ ತಿರುಗುಮುರುಗಾಯಿತು. ಗುಂಡುಬದನೆ ಮಿರಿಮಿರಿ ಮಿಂಚುತ್ತಿದ್ದರೆ ಗೀರುಬದನೆ ಜೋಲು ಬಿದ್ದಿತ್ತು. ಜವರಯ್ಯ ಹೆಂಡತಿಯ ಕಡೆ ನೋಡಿ ಮೊದಲ ಸಲ ಬಾಯಿ ತುಂಬ ನಕ್ಕ. ದ್ಯಾವಮ್ಮ ಸೋತವಳ ಹಾಗೆ ಗೋಡೆಗೆ ಒರಗಿದಳು. “ಒಂದಪ ಅಂಗೆ, ಒಂದಪ ಇಂಗೆ. ನನ್ ತಲೆ ಕೆಟ್ಟೋಯ್ತದೆ,” ಎಂದಳು.

ಚಲುವಮ್ಮ ಮಾತ್ರ ನಗಲಿಲ್ಲ. ಮೊರದ ಮುಂದೆ ಕುಳಿತು ಒಂದು ಗೀರುಬದನೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. ಈಗ ಸುಮ್ಮನಿದ್ದರೆ ಅವಳು ಗೆದ್ದ ಹಾಗೆ. ತವರಿನ ಬೀಜ ಉಳಿಯುತ್ತಿತ್ತು, ಅವಳೂ ಮನೆಯಲ್ಲಿ ಉಳಿಯುತ್ತಿದ್ದಳು. ಆದರೆ ಆ ಕಾಯಿ ಕೊಯ್ದದ್ದು ಯಾವಾಗ ಎಂಬುದು ಅವಳಿಗೆ ನೆನಪಿತ್ತು.

“ಅತ್ತೆ, ಇದು ಸರಿಯಾಗ್ನಿಲ್ಲ,” ಎಂದಳು.

“ಏನು?”

“ಗುಂಡನ್ನ ನಾನು ಬೆಳಕು ಹರಿಯೋವಾಗ ಕೊಯ್ದೆ. ನೀವು ಗೀರು ಕೊಯ್ದಿದ್ದು ನೆತ್ತಿ ಮ್ಯಾಲೆ ಒತ್ತು ಬಂದ್ಮೇಲೆ. ಕಾಯಿ ಆಗ್ಲೇ ಬಿಸಿಯಾಗಿತ್ತು, ಕೈ ಸುಡ್ತದೆ ಅಂದ್ರಲ್ಲ. ಇನ್ನೊಂದ್ಸಲ ಇಡಾನ. ಒಂದೇ ಒತ್ನಲ್ಲಿ ಕೊಯ್ಯಾನ.”

ಜವರಯ್ಯ ಬಾಯಿ ಬಿಟ್ಟು ನೋಡಿದ. “ಲೇ, ಗೆದ್ದಿದ್ಯಲ್ಲೇ!”

“ಸುಳ್ಳು ಗೆಲುವು ಗಾಡಿ ಏರಿದ್ಮೇಲೆ ಮತ್ತೆ ಕೊಳೀತದಲ್ಲ,” ಎಂದಳು ಅವಳು. “ಆಗ ಮತ್ತೆ ನನ್ ಕೈ ಅಂತೀರಿ.”

ಆವತ್ತು ಊಟಕ್ಕೆ ಕುಳಿತಾಗ ದ್ಯಾವಮ್ಮ ಸೊಸೆಯ ತಟ್ಟೆಗೆ ತಾನೇ ಮುದ್ದೆ ಇಟ್ಟಳು.

ಮೂರನೆಯ ಸಲ ಸುಬ್ಬಮ್ಮನೇ ಮುಂದೆ ನಿಂತಳು. ಇಬ್ಬನಿ ಆರುತ್ತಿದ್ದ ಹಾಗೆ ಅತ್ತೆ ಸೊಸೆ ಇಬ್ಬರೂ ಪಾತಿಗೆ ಇಳಿದರು. ಎರಡು ತಳಿಯಲ್ಲೂ ಒಂದೇ ಹದದ, ಮೈ ಹೊಳೆಯುವ, ಎಳೆಯ ಕಾಯಿಗಳನ್ನೇ ಆರಿಸಿದರು. ತೊಟ್ಟು ಕಿತ್ತುಬಾರದಂತೆ ಕುಡುಗೋಲಿನಿಂದ ಕೊಯ್ದರು. ಹುಳು ತೂತು ಮಾಡಿದ್ದನ್ನು ಪಕ್ಕಕ್ಕೆ ಹಾಕಿದರು. ದ್ಯಾವಮ್ಮ ಕೊಯ್ದ ಕಾಯಿಯ ತೊಟ್ಟಿಗೆ ಬಿಳಿ ದಾರ, ಚಲುವಮ್ಮ ಕೊಯ್ದದ್ದಕ್ಕೆ ಕೆಂಪು ದಾರ.

“ಕೈಗುಣ ಇದ್ರೆ ಈ ದಾರದಲ್ಲಿ ತಿಳೀತದೆ,” ಎಂದಳು ಸುಬ್ಬಮ್ಮ.

ಮೊರಗಳನ್ನು ಜಗಲಿಯ ತಂಪಿನಲ್ಲಿ ಜೋಡಿಸಿದ್ದಾಯಿತು. ಆಗ ದ್ಯಾವಮ್ಮ ಅಭ್ಯಾಸದಂತೆ ಚೊಂಬು ತಂದು ಗೀರುಬದನೆಯ ಮೇಲೆ ನೀರು ಚಿಮುಕಿಸಲು ಕೈ ಎತ್ತಿದಳು.

“ಅಕ್ಕ, ಅದ್ಯಾಕೆ?”

“ಯಾಕೆ ಅಂದ್ರೆ? ಬಾಡ್ಬಾರ್ದು ಅಂತ. ನಮ್ಮವ್ವನೂ ಅಂಗೇ ಮಾಡ್ತಿದ್ಲು.”

“ನಿಮ್ಮವ್ವ ಎಲ್ಲಿಗೆ ಒಯ್ತಿದ್ಲು ಕಾಯ?”

“ಎಲ್ಲಿಗೂ ಇಲ್ಲ. ಊರಲ್ಲೇ ಮಾರ್ತಿದ್ಲು. ಮಧ್ಯಾನಕ್ಕೆಲ್ಲ ಖಾಲಿ ಆಗ್ತಿತ್ತು.”

ಸುಬ್ಬಮ್ಮ ಯೋಚಿಸಿದಳು. “ಸರಿ, ಚಿಮುಕ್ಸು. ಬ್ಯಾಡ ಅನ್ನಾಕಿಲ್ಲ. ಆದ್ರೆ ಗೀರಲ್ಲಿ ಅರ್ಧಕ್ಕೆ, ಗುಂಡಲ್ಲಿ ಅರ್ಧಕ್ಕೆ. ಗಾಡೀಲಿ ಕಟ್ತೀಯಲ್ಲ, ಅಂಗೇ ಒದ್ದೆ ಬಟ್ಟೆ ಬಿಗ್ದು ಕಟ್ಟು. ಮಿಕ್ಕಿದ್ದು ಒಣಗೇ ಇರ್ಲಿ.”

ಆಮೇಲೆ ಕಾಯುವುದಷ್ಟೇ. ದಿನಾ ಬೆಳಗ್ಗೆ ಜವರಯ್ಯ ಎದ್ದವನೇ ಜಗಲಿಗೆ ಬಂದು ಮೂಸಿ ನೋಡುತ್ತಿದ್ದ. ಬೀದಿಯಲ್ಲಿ ಹೋಗುವವರೂ ನಿಂತು, “ಏನ್ ಜವರಣ್ಣ, ಕಾಯಿಗೆ ಕಾವಲಾ?” ಎಂದು ಕೇಳಿ ಹೋಗುತ್ತಿದ್ದರು.

ಮೊದಲು ವಾಸನೆ ಬಂದದ್ದು ಒದ್ದೆ ಬಟ್ಟೆ ಕಟ್ಟಿದವುಗಳಿಂದ. ಬಟ್ಟೆ ಬಿಚ್ಚಿದರೆ ಒಳಗೆ ಬಿಸಿ ಹಬೆ. ಗುಂಡಿನ ತೊಟ್ಟಿನ ಸುತ್ತ ಬೂದು ಬಣ್ಣದ ಬೂಸಲು ಹಿಡಿದಿತ್ತು. ಗೀರುಬದನೆಯ ಮೈಯಲ್ಲಿ ಮೆತ್ತನೆಯ ಕಂದು ಮಚ್ಚೆ. ಒಣಗಿಟ್ಟ ಕಾಯಿಗಳು ಮಾತ್ರ ಇನ್ನೂ ಸರಿಯಾಗಿದ್ದವು.

ದ್ಯಾವಮ್ಮ ಕೊಳೆತ ಕಾಯಿಗಳನ್ನು ಒಂದೊಂದಾಗಿ ಎತ್ತಿ ದಾರ ನೋಡಿದಳು. ಬಿಳಿ. ಕೆಂಪು. ಕೆಂಪು. ಬಿಳಿ. ಬಿಳಿ. ಇನ್ನೊಮ್ಮೆ ನೋಡಿದಳು. ದಾರಕ್ಕೂ ಕೊಳೆತಕ್ಕೂ ಸಂಬಂಧವೇ ಕಾಣಲಿಲ್ಲ.

“ನೀನು ನಾಗಮಂಗಲಕ್ಕೆ ಓಗಿದ್ದಾಗ ಕಾಯಿ ಚೆನ್ನಾಗಿತ್ತಲ್ಲವ್ವ,” ಎಂದ ಜವರಯ್ಯ ನಿಧಾನವಾಗಿ, ಕತ್ತಲಲ್ಲಿ ತಡವುತ್ತಿರುವವನ ಹಾಗೆ. “ಆವತ್ತು ನೀರು ಆಕಿರ್ನಿಲ್ಲ. ಚಲುವಿ ಎದರ್ಕೊಂಡು ಒಣಬಟ್ಟೆ ಒದ್ಸಿದ್ಲು.”

ದ್ಯಾವಮ್ಮ ಚೊಂಬಿನ ಕಡೆ ನೋಡಿದಳು, ಒದ್ದೆ ಬಟ್ಟೆಯ ಕಡೆ ನೋಡಿದಳು. “ನಾನು ಒಳ್ಳೇದಕ್ಕೇ ಮಾಡಿದ್ದಲ್ವಾ?” ಎಂದಳು. ದನಿ ಸಣ್ಣದಾಗಿತ್ತು.

“ಒಳ್ಳೇದಕ್ಕೇ ಮಾಡ್ದೆ ಕಣಕ್ಕ,” ಎಂದಳು ಸುಬ್ಬಮ್ಮ. “ಊರೊಳ್ಗೆ ಮಾರೋ ಕಾಯಿಗೆ ಅದು ಆಗ್ತಿತ್ತು. ದೂರ ಓಗೋ ಕಾಯಿಗೆ ಆಗ್ಲಿಲ್ಲ. ಕಾಯಿ ಮೈ ಒಣಗಿರ್ಬೇಕು, ಗಾಳಿ ಆಡ್ಬೇಕು ಅಂತ ಕಾಣ್ತದೆ.”

ಒಣಗಿಟ್ಟವುಗಳನ್ನು ಮತ್ತೂ ಕೆಲವು ದಿನ ಕಾದು ನೋಡಿದರು. ಆಗ ತಳಿಗಳ ನಡುವಿನ ವ್ಯತ್ಯಾಸ ನಿಜವಾಗಿ ಕಂಡಿತು. ಗುಂಡುಬದನೆಯ ಸಿಪ್ಪೆ ತೆಳು. ಬೇಗ ಹಗುರಾಯಿತು, ಸುಕ್ಕು ಬಿದ್ದಿತು. ಗೀರುಬದನೆಯ ಸಿಪ್ಪೆ ಗಡಸು. ಬಹಳ ದಿನ ಗಟ್ಟಿಯಾಗಿ ಇತ್ತು. ಹಾಗೆಂದು ಗೀರು ಎಲ್ಲದರಲ್ಲೂ ಮೇಲು ಎನ್ನುವಂತಿರಲಿಲ್ಲ. ಸುಬ್ಬಮ್ಮ ಎರಡನ್ನೂ ಸೀಳಿಸಿ ನೋಡಿದಾಗ, ಕಣ್ತಪ್ಪಿ ಬಂದಿದ್ದ ಸ್ವಲ್ಪ ಬಲಿತ ಗೀರುಬದನೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬೀಜ ಕಂದಾಗಿ ಕಹಿ ಬಂದಿತ್ತು. ಸುಕ್ಕಾದ ಗುಂಡು ಬೇಯಿಸಿದರೆ ಇನ್ನೂ ಸಿಹಿಯಾಗಿಯೇ ಇತ್ತು.

“ಅಂಗಾದ್ರೆ ಯಾವುದು ಒಳ್ಳೇದು?” ಎಂದು ಜವರಯ್ಯ ಕೇಳಿದ. ಅವನಿಗೆ ಒಂದೇ ಮಾತಿನ ಉತ್ತರ ಬೇಕಿತ್ತು.

“ಯಾತಕ್ಕೆ ಒಳ್ಳೇದು ಅಂತ ಕೇಳಿ,” ಎಂದಳು ಚಲುವಮ್ಮ. “ಗಂಜಾಂಗೆ ಓಗಾಕೆ ಗೀರು. ಚಿನಕುರಳೀಲಿ ಅವತ್ತಿಂದವತ್ತೇ ಮಾರಾಕೆ ಗುಂಡು. ಗೀರನ್ನ ಎಳೇದಾಗೇ ಕೊಯ್ಬೇಕು.”

ಆಗಲೇ ಒಣಗಿಟ್ಟ ಮೊರದಲ್ಲಿ ಒಂದು ಗೀರುಬದನೆ ಕೊಳೆತಿರುವುದು ದ್ಯಾವಮ್ಮನ ಕಣ್ಣಿಗೆ ಬಿತ್ತು. ನೀರು ತಾಗಿರಲಿಲ್ಲ. ಪಕ್ಕದ ಕಾಯಿಗಳೆಲ್ಲ ಚೆನ್ನಾಗಿದ್ದವು. ತೊಟ್ಟಿನಲ್ಲಿ ಬಿಳಿ ದಾರವಿತ್ತು.

ಅವಳ ಮುಖ ಬಿಳಿಚಿಕೊಂಡಿತು. “ಇದು ನಾನು ಕೊಯ್ದಿದ್ದು,” ಎಂದಳು.

ಚಲುವಮ್ಮ ಅದನ್ನು ತೆಗೆದುಕೊಂಡು ಸೀಳಿದಳು. ಹುಳು ಇರಲಿಲ್ಲ. ಏಟು ಬಿದ್ದ ಗುರುತೂ ಕಾಣಲಿಲ್ಲ. ತಿಂಗಳುಗಟ್ಟಲೆ ತಾನು ಕೇಳಿದ ಮಾತನ್ನು ಈಗ ಒಂದೇ ಸಲಕ್ಕೆ ತಿರುಗಿಸಿ ಆಡಬಹುದಿತ್ತು. ಜವರಯ್ಯನೂ ಸುಬ್ಬಮ್ಮನೂ ಅವಳ ಬಾಯನ್ನೇ ನೋಡುತ್ತಿದ್ದರು.

“ಇದ್ಯಾಕೆ ಕೊಳೀತೋ ನಂಗೊತ್ತಿಲ್ಲ ಅತ್ತೆ,” ಎಂದಳು. “ಗೊತ್ತಿಲ್ದೇ ಇರೋದ್ನ ನಿಮ್ ಕೈ ಮ್ಯಾಲೆ ಆಕಾಕೆ ನಂಗೆ ಮನ್ಸಿಲ್ಲ.”

ದ್ಯಾವಮ್ಮ ಸೊಸೆಯ ಕೈ ಹಿಡಿದುಕೊಂಡಳು. ಬದನೆಯ ಮುಳ್ಳು ಚುಚ್ಚಿ ಚುಚ್ಚಿ ಒರಟಾದ ಕೈ. ಎಷ್ಟು ಹೊತ್ತಾದರೂ ಬಿಡಲಿಲ್ಲ.

ಮುಂದಿನ ಗಾಡಿಯಲ್ಲಿ ದ್ಯಾವಮ್ಮ ತಾನೂ ಹತ್ತಿದಳು. ಕಣ್ಣಾರೆ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ. ಮಂಕರಿಯ ತಳಕ್ಕೆ ಒಣಹುಲ್ಲು ಹಾಸಿದ್ದರು. ಕಾಯಿಗಳನ್ನು ಒತ್ತದೆ ಸಡಿಲವಾಗಿ ಇಟ್ಟಿದ್ದರು. ಗುಂಡು ಚಿನಕುರಳಿಯಲ್ಲೇ ಇಳಿಯಿತು. ಮರುದಿನ ಗಂಜಾಂ ಪೇಟೆಯಲ್ಲಿ ಕುಳ್ಳಮ್ಮ ಮೂಗು ಮುಚ್ಚಿಕೊಂಡೇ ಬಟ್ಟೆ ಸರಿಸಿದಳು. ಆಮೇಲೆ ಕೈ ಕೆಳಗಿಳಿಸಿದಳು. ಒಂದು ಗೀರುಬದನೆ ಎತ್ತಿ ಬೆರಳಿನಿಂದ ಒತ್ತಿದಳು. ತೊಟ್ಟು ಇನ್ನೂ ಹಸಿರಾಗಿತ್ತು. ತಳದ ಕಾಯಿಗಳನ್ನೂ ತೆಗೆಸಿ ನೋಡಿದಳು.

“ಇದು ಕಾಯಿ ಅಂದ್ರೆ!” ಎಂದಳು. “ಯಾರು ಕೊಯ್ದಿದ್ದು ಇದ್ನ?”

“ನನ್ ಸೊಸೆ,” ಎಂದಳು ದ್ಯಾವಮ್ಮ. ಪಕ್ಕದ ಅಂಗಡಿಯವರಿಗೂ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ, “ಬೆಳಗೊಳದೋಳು. ನನ್ ಸೊಸೆ ಚಲುವಮ್ಮ,” ಎಂದಳು.

ಊರಿಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ ಪುಟ್ಟಲಕ್ಷ್ಮಮ್ಮನ ಮನೆಗೆ ಹೋದದ್ದು. “ನಾನು ಆಡಿದ್ ಮಾತ ನಾನೇ ವಾಪಸ್ ತಕ್ಕತೀನಿ ಕಣವ್ವ. ಕೊಳೆಸಿದ್ದು ನೀರು, ಅವ್ಳ ಕೈಯಲ್ಲ. ಊರ್ಗೆಲ್ಲ ಏಳು,” ಎಂದಳು. ಮುಂದಿನ ವರ್ಷ ಆ ಹಿತ್ತಲಲ್ಲಿ ಎರಡು ಬೀಜವೂ ಬಿದ್ದವು.

ಅಕ್ಕಂದಿರೇ, ಅಣ್ಣಂದಿರೇ, ಚಲುವಮ್ಮನ ಕಾಲದಲ್ಲಿ ನಮ್ಮ ಕಡೆ ಹೂಕೋಸು ಇರಲಿಲ್ಲ. ಈಗ ನಿಮ್ಮಲ್ಲಿ ಎಷ್ಟೋ ಮಂದಿ ಅದನ್ನು ಬೆಳೆಯುತ್ತೀರಿ. ಅಂಗಡಿಯಲ್ಲಿ ಹತ್ತು ತರದ ಬೀಜದ ಪೊಟ್ಟಣ ಸಿಗುತ್ತದೆ. ಎಲ್ಲದರ ಮೇಲೂ ಬೆಳ್ಳಗಿನ ಹೂವಿನ ಚಿತ್ರವೇ ಇರುತ್ತದೆ. ಕೊಯ್ದ ಮೇಲೆ ಯಾವುದು ಬೆಳ್ಳಗೆ ಉಳಿಯುತ್ತದೆ, ಯಾವುದು ಹಳದಿಯಾಗುತ್ತದೆ, ಯಾವುದು ಬಾಡಿ ತೂಕ ಕಳೆದುಕೊಳ್ಳುತ್ತದೆ ಎಂದು ಆ ಚಿತ್ರ ಹೇಳುವುದಿಲ್ಲ. ಅದನ್ನು ನೀವೇ ನೋಡಬೇಕು. ಎರಡು ತಳಿಯ ಹೂವನ್ನು ಒಂದೇ ಬೆಳಗ್ಗೆ, ಗಟ್ಟಿಯಾಗಿ ಬೆಳ್ಳಗಿರುವಾಗಲೇ ಕೊಯ್ಯಿರಿ. ಸುತ್ತಲಿನ ಎಲೆಗಳನ್ನು ಪೂರ್ತಿ ಸವರಬೇಡಿ, ಹೂವಿಗೆ ಅವೇ ಹೊದಿಕೆ. ಬಿಸಿಲಿಗೆ ಬಿಡಬೇಡಿ, ಒದ್ದೆ ಮಾಡಿ ಬಿಗಿದು ಕಟ್ಟಬೇಡಿ. ಒಂದೇ ತಂಪು ಜಾಗದಲ್ಲಿ ಪಕ್ಕಪಕ್ಕ ಇಟ್ಟು, ದಿನಾ ಮುಟ್ಟಿ, ಮೂಸಿ, ತೂಗಿ ನೋಡಿ. ಹೋಲಿಸುವಾಗ ಒಂದಕ್ಕೆ ನೆರಳು, ಇನ್ನೊಂದಕ್ಕೆ ಒಲೆಯ ಕಾವು ಎಂದು ಭೇದ ಮಾಡಬೇಡಿ. ದೂರದ ಪೇಟೆಗೆ ಯಾವ ತಳಿ, ಹತ್ತಿರದ ಸಂತೆಗೆ ಯಾವ ತಳಿ ಎಂಬುದು ಆಗ ತಿಳಿಯುತ್ತದೆ.

ತಲೆ ಗೊಂದಲವಾದರೆ ನಾಚಿಕೆ ಬೇಡ. ಇನ್ನೊಂದು ಸಲ ಇಟ್ಟು ನೋಡಿ. ಆದರೆ ತರಕಾರಿ ಕೊಳೆತದ್ದಕ್ಕೆ, ಹಾಲು ಒಡೆದದ್ದಕ್ಕೆ, ಬೆಳೆ ಕೈಕೊಟ್ಟದ್ದಕ್ಕೆ ಮನೆಯ ಹೆಣ್ಣುಮಗಳ ಕೈಯನ್ನು ದೂರುವುದನ್ನು ಇವತ್ತೇ ನಿಲ್ಲಿಸಿ. ಈ ಕಥೆ ಕೇಳಿದ ಮೇಲೆ ನಿಮ್ಮ ಬೀದಿಯಲ್ಲಿ ಅಂಥ ಮಾತು ಯಾರ ಬಾಯಿಂದ ಬಂದರೂ ಒಂದೇ ಒಂದು ಪ್ರಶ್ನೆ ಕೇಳಿ: “ಪಕ್ಕಪಕ್ಕ ಇಟ್ಟು ನೋಡಿದ್ರಾ?”